ಸೀಟಿನಡಿಯ ಬಾಟಲಿ

ಸ್ಕೂಟರಿನಲ್ಲಿ ಪೆಟ್ರೋಲ್ ಒಯ್ಯುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳ್ಳಾರೆಯಿಂದ ಮರ್ಕಂಜದವರೆಗೆ, ಆಚೆ ಆಲಂಕಾರಿನವರೆಗೂ, ಹುಲ್ಲು ಕತ್ತರಿಸುವ ಮೆಷಿನ್ ಹೆಗಲಿಗೇರಿಸಿಕೊಂಡು ತೋಟಗಳಿಗೆ ಹೋಗುವ ಹೆಂಗಸು ನಾನೊಬ್ಬಳೇ. ನೀಲಾವತಿ ಎಂದರೆ ಎಲ್ಲರಿಗೂ ಗೊತ್ತಾಗಲಿಕ್ಕಿಲ್ಲ, ಮೆಷಿನ್ ನೀಲಕ್ಕ ಎಂದರೆ ದಾರಿ ತೋರಿಸುತ್ತಾರೆ. ನನ್ನ ಕ್ಯಾನು ತಗಡಿನದು, ಐದು ಲೀಟರಿನದು. ನಾಲ್ಕಕ್ಕಿಂತ ಹೆಚ್ಚು ತುಂಬಿಸುವುದಿಲ್ಲ, ಯಾಕೆಂದರೆ ಬಿಸಿಲಿಗೆ ಪೆಟ್ರೋಲ್ ಉಬ್ಬುತ್ತದೆ. ಪಂಪಿನಲ್ಲಿ ಕ್ಯಾನನ್ನು ನೆಲಕ್ಕಿಳಿಸಿಯೇ ತುಂಬಿಸಬೇಕು, ಸ್ಕೂಟರಿನ ಮೇಲೆ ಇಟ್ಟುಕೊಂಡಲ್ಲ. ಕಾಲ ಬುಡದಲ್ಲಿ ಇಡುವ ಮಾತೇ ಇಲ್ಲ. ಹಿಂದಿನ ಸವಾರ ಕೂರುವ ಜಾಗದಲ್ಲಿ ಒಂದು ಮರದ ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಕೂರಿಸಿದ್ದೇನೆ. ಗಾಳಿಯಾಡಲು ತೂತುಗಳು, ಒಳಗೆ ಗೋಣಿಯ ಮೆತ್ತೆ, ಹೊರಗೆ ಬೀಗ. ಕೀಲಿ ನನ್ನ ಕೊರಳಿನ ಸರದಲ್ಲಿ, ಹಿಂದೆ ಕರಿಮಣಿ ಇದ್ದ ಜಾಗದಲ್ಲಿ.

“ನೀಲಕ್ಕ, ಪೆಟ್ಟಿಗೆಯಲ್ಲಿ ಎಂತ, ಚಿನ್ನ ಉಂಟಾ?” ಎಂದು ಜನ ನಗುತ್ತಾರೆ. ನಗಲಿ. ನಗುವವರ ಮನೆಯಲ್ಲಿ ಯಾರೂ ಸುಟ್ಟು ಸತ್ತಿಲ್ಲ.

ಒಂಬತ್ತು ವರ್ಷದ ಹಿಂದೆ ನನ್ನ ಗಂಡ ಇದೇ ಕೆಲಸಕ್ಕೆ ಹೊರಟವರು, ಅಡುಗೆ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ತುಂಬಿ ಎರಡು ಕಾಲಿನ ನಡುವೆ ಇಟ್ಟುಕೊಂಡಿದ್ದರು. ಗ್ಯಾಸು ಹೋಗಲಿ ಎಂದು ಮುಚ್ಚಳವನ್ನು ಅರ್ಧ ಸಡಿಲ ಬಿಟ್ಟಿದ್ದರು. ಊರಿನ ಎಲ್ಲ ಗಂಡಸರೂ ಹಾಗೆಯೇ ಒಯ್ಯುತ್ತಿದ್ದರು, ಈಗಲೂ ಒಯ್ಯುತ್ತಾರೆ. ತಿರುವಿನಲ್ಲಿ ನಾಯಿ ಅಡ್ಡ ಬಂತು. ಸ್ಕೂಟರ್ ಮಗುಚಿತು, ಕ್ಯಾನು ಮಗುಚಿತು, ಬೆಂಕಿ ಹತ್ತಿತು. ಹನ್ನೊಂದು ದಿನ ಬದುಕಿದ್ದರು. ಆ ಹನ್ನೊಂದು ದಿನ ನಾನು ನೋಡಿದ್ದನ್ನು ಶತ್ರುವಿಗೂ ತೋರಿಸಬಾರದು. ನನ್ನ ಮಗ ಹರ್ಷಿತನಿಗೆ ಆಗ ಹನ್ನೆರಡು. ಅಂದಿನಿಂದ ನನಗೆ ಇದ್ದದ್ದು ಒಂದೇ ಹಟ. ನಮ್ಮ ಮನೆಯಲ್ಲಿ ಇನ್ನೊಬ್ಬರು ಹಾಗೆ ಹೋಗಬಾರದು.

ದೊಡ್ಡವನಾದ ಮೇಲೆ ಹರ್ಷಿತನೂ ನನ್ನ ಜೊತೆಗೆ ಕೆಲಸಕ್ಕೆ ಬರತೊಡಗಿದ. ಅವನದ್ದೊಂದು ಮೆಷಿನ್, ಅವನದ್ದೊಂದು ಹಳೆಯ ಸ್ಕೂಟರ್. ಕೆಲಸದಲ್ಲಿ ನನ್ನನ್ನೂ ಮೀರಿಸುತ್ತಿದ್ದ. ಸಿಟ್ಟಿನಲ್ಲಿ ಮಾತ್ರ ನನ್ನ ಸಮಕ್ಕೇ ಇದ್ದ. ನೂಲಿನಂತೆ ಸೀರೆ ಎಂದು ನೆರೆಯವರು ಹೇಳುವುದು ಸುಮ್ಮನೆ ಅಲ್ಲ.

ಒಂದು ದಿನ ಆಲಂಕಾರಿನಲ್ಲಿ ಕೆಲಸ ಮುಗಿಸಿ ಬರುವಾಗ ಅವನ ಸ್ಕೂಟರಿನ ಕಾಲ ಬುಡದಲ್ಲಿ ಒಂದು ನೀರಿನ ಬಾಟಲಿ ಕಂಡಿತು. ನೀರಲ್ಲ, ಪೆಟ್ರೋಲ್. ಬಾಟಲಿಗೆ ಪಂಪಿನವರು ಹಾಕುವುದಿಲ್ಲ, ಅದಕ್ಕೆ ಅವನು ತನ್ನ ಟ್ಯಾಂಕಿನಿಂದಲೇ ಪೈಪ್ ಇಟ್ಟು ಎಳೆದು ತುಂಬಿಸಿಕೊಂಡಿದ್ದ. ನನಗೆ ಕಣ್ಣು ಕತ್ತಲೆ ಬಂತು. ಮೆಷಿನ್ ಹೊರುವ ಬೆಲ್ಟ್ ಕೈಯಲ್ಲಿತ್ತು, ಅದರ ತುದಿಯಲ್ಲಿ ಕಬ್ಬಿಣದ ಕೊಕ್ಕೆ. ದಾರಿಬದಿಯ ಅಂಗಡಿಯ ಎದುರಿಗೆ, ನಾಲ್ಕು ಜನ ನೋಡುತ್ತಿರುವಾಗಲೇ ಹೊಡೆದೆ. ಬೆನ್ನಿಗೆ, ಹೆಗಲಿಗೆ, ತಡೆಯಲು ಎತ್ತಿದ ಕೈಗೆ. ಕೊಕ್ಕೆ ತಾಗಿ ಕಿವಿಯ ಮೇಲೆ ಸೀಳಿ ರಕ್ತ ಕುತ್ತಿಗೆಗೆ ಇಳಿಯಿತು. ಇಪ್ಪತ್ತೊಂದರ ಹುಡುಗ, ನನ್ನ ಕೈ ಹಿಡಿದು ನಿಲ್ಲಿಸಬಹುದಿತ್ತು. ಹಿಡಿಯಲಿಲ್ಲ.

“ಪೆಟ್ರೋಲ್ ಗೇಜು ಹಾಳಾಗಿದೆ ಅವ್ವ,” ಎಂದ. “ಮರ್ಕಂಜದ ಏರಿನಲ್ಲಿ ಎರಡು ಸಲ ಸ್ಕೂಟರ್ ಬಂದ್ ಬಿತ್ತು. ನಿನ್ನ ಕ್ಯಾನಿನದ್ದು ಆಯಿಲ್ ಬೆರೆಸಿದ್ದು, ಮೆಷಿನಿಗೆ ಮಾತ್ರ ಆಗುದು. ನಂಗೂ ಒಂದು ಸಣ್ಣ ತಗಡಿನ ಕ್ಯಾನ್ ತೆಗೆದುಕೊಡು, ಪೆಟ್ಟಿಗೆ ನಾನೇ ಮಾಡ್ತೇನೆ.”

“ದೂಡಿಕೊಂಡು ಬಾ. ದೂಡಿ ಯಾರೂ ಸತ್ತದ್ದಿಲ್ಲ.”

ಬಾಟಲಿಯ ಪೆಟ್ರೋಲನ್ನು ಅವನ ಎದುರಿಗೇ ಮಣ್ಣಿಗೆ ಸುರಿದೆ. ಇನ್ನು ಮುಂದೆ ಬಾಟಲಿ ಇಡುವುದಿಲ್ಲ ಎಂದು ಅಪ್ಪನ ಮೇಲೆ ಆಣೆ ಹಾಕಿಸಿದೆ. ಹಾಕಿದ. ದಂಡಂ ದಶಗುಣಂ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಹುಡುಗ ಕೇಳಿದ್ದು ನ್ಯಾಯವಾಗಿತ್ತು ಎಂದು ನನಗೆ ಆಗ ಹೊಳೆಯಲೇ ಇಲ್ಲ.

ಅದಾಗಿ ಮೂರು ವಾರಕ್ಕೆ ನಾವು ಮರ್ಕಂಜದಲ್ಲಿ ಮಾಯಿಲಪ್ಪಣ್ಣನ ತೋಟದಲ್ಲಿದ್ದೆವು. ಅರುವತ್ತು ದಾಟಿದ ಮನುಷ್ಯ, ಬಾಯಿ ಮಾತ್ರ ಇಪ್ಪತ್ತರದ್ದು. ಕಣಿಯ ಆಚೆ, ಅಂದರೆ ತೋಟದ ನೀರು ಹರಿಯುವ ಚರಂಡಿಯ ಆಚೆ, ಅವರ ದಾಯಾದಿ ಉಲ್ಲಾಸನ ತೋಟ. ಇಬ್ಬರಿಗೂ ಮಾತಿಲ್ಲ. ಕಾರಣ ಗಡಿಯಲ್ಲ, ನೀರಲ್ಲ, ಮಂಗಗಳು.

ನಮ್ಮ ಕಡೆ ಈಗ ಮಂಗ ಓಡಿಸಲು ಎಲ್ಲರೂ ಪೈಪಿನ ಗನ್ ಇಟ್ಟುಕೊಂಡಿದ್ದಾರೆ. ಪಿವಿಸಿ ಪೈಪಿನೊಳಗೆ ಕಾರ್ಬೈಡಿನ ಒಂದು ಚೂರು ಹಾಕಿ, ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟು, ಗ್ಯಾಸು ತುಂಬಿದ ಮೇಲೆ ಲೈಟರ್ ಒತ್ತಿದರೆ ಢಂ ಎನ್ನುತ್ತದೆ, ಬಾಯಿಯಿಂದ ಬೆಂಕಿಯೂ ಬರುತ್ತದೆ. ಮಾಯಿಲಪ್ಪಣ್ಣ ಹೊಡೆದರೆ ಮಂಗಗಳೆಲ್ಲ ಉಲ್ಲಾಸನ ಕೊಕ್ಕೋ ಗಿಡಕ್ಕೆ, ಉಲ್ಲಾಸ ಹೊಡೆದರೆ ಮಾಯಿಲಪ್ಪಣ್ಣನ ಎಳನೀರಿಗೆ. ಮಂಗಗಳಿಗೆ ಎರಡೂ ಕಡೆ ಊಟ, ಇವರಿಬ್ಬರಿಗೆ ಎರಡು ವರ್ಷದಿಂದ ಹಗೆ.

ಬೆಳಿಗ್ಗೆ ಒಂಬತ್ತೂವರೆಯ ಹೊತ್ತು. ಮಂಗಗಳು ಆಚೆಯಿಂದ ಮೂರನೆಯ ಸಲ ಬಂದಿದ್ದವು, ಮಾಯಿಲಪ್ಪಣ್ಣ ಮೂರನೆಯ ಸಲ ಢಂ ಅನ್ನಿಸಿದ್ದರು. ಹರ್ಷಿತ್ ಹತ್ತು ಹೆಜ್ಜೆ ದೂರದಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಬೆಳಿಗ್ಗೆ ಮೆಷಿನಿಗೆ ಪೆಟ್ರೋಲ್ ಸುರಿಯುವಾಗ ಚೆಲ್ಲಿದ್ದನ್ನು ಶರ್ಟಿನ ಬಲ ತೋಳಿನಿಂದಲೇ ಒರೆಸಿದ್ದ. ಬೈದಿದ್ದೆ, ಆದರೆ ಶರ್ಟ್ ಬದಲಾಯಿಸು ಎಂದಿರಲಿಲ್ಲ. ನಾನು ಪಂಪ್‌ಶೆಡ್ಡಿನ ಪಕ್ಕ ನಿಲ್ಲಿಸಿದ್ದ ನಮ್ಮ ಎರಡು ಸ್ಕೂಟರುಗಳ ಹತ್ತಿರ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದೆ. ಕೊಕ್ಕೋ ಒಯ್ಯಲು ಬಂದ ಹೈದರನ ಪಿಕಪ್ ಮೇಲಿನ ರಸ್ತೆಯಲ್ಲಿತ್ತು. ಅವನೂ ಕೊಯ್ಲಿನ ಮೂವರು ಆಳುಗಳೂ ತೋಟದ ಮೇಲ್ಬದಿಯಲ್ಲಿ ಗೋಣಿ ಕಟ್ಟುತ್ತಿದ್ದರು.

ಉಲ್ಲಾಸ ಕಣಿ ಹಾರಿ ಬಂದ. ಸೊಂಟದಲ್ಲಿ ಕತ್ತಿ, ಕೈಯಲ್ಲಿ ಮಂಗಕ್ಕೆಂದು ಗ್ಯಾಸು ತುಂಬಿಸಿದ್ದ ಪೈಪಿನ ಗನ್.

“ಏ ಮುದುಕ, ಬೇಕೂಂತಲೇ ಈಚೆಯಿಂದ ಹೊಡಿಯುದಾ ನೀನು? ನನ್ನ ತೋಟಕ್ಕೆ ಅಟ್ಟಿ ಚಂದ ನೋಡುದಾ?”

“ಮಂಗಕ್ಕೆ ನಾನು ದಾರಿ ಹೇಳಿಕೊಡುದಾ ಮಾರಾಯ?” ಎಂದರು ಮಾಯಿಲಪ್ಪಣ್ಣ. “ಅದರ ನೆಂಟರು ಎಲ್ಲಿದ್ದಾರೆ ಅಂತ ಅದಕ್ಕೇ ಗೊತ್ತುಂಟು.”

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಅವರಿಗಾಗಿಯೇ ಹುಟ್ಟಿದ ಮಾತು. ಉಲ್ಲಾಸನ ಅಂಗೈ ಅವರ ಕೆನ್ನೆಗೆ ಬಿದ್ದ ಸದ್ದು ಮೆಷಿನಿನ ಸದ್ದನ್ನೂ ಮೀರಿ ನನಗೆ ಕೇಳಿಸಿತು. ಮುದುಕರು ಮಗುಚಿ ಬಿದ್ದರು. ಬಿದ್ದವರ ಪಕ್ಕೆಗೆ ಒದ್ದ, ಇನ್ನೊಮ್ಮೆ ಒದ್ದ. ಅವರ ಬಾಯಿಯಿಂದ ರಕ್ತದ ಜೊತೆ ಎರಡು ಕಟ್ಟಿಸಿದ ಹಲ್ಲುಗಳೂ ಹೊರಗೆ ಬಂದವು.

ಹರ್ಷಿತ್ ತಿರುಗಿದ. ಮೆಷಿನನ್ನು ನಿಲ್ಲಿಸಲಿಲ್ಲ. ತಿರುಗುವ ಬ್ಲೇಡನ್ನು ಮುಂದೆ ಚಾಚಿಕೊಂಡೇ ಉಲ್ಲಾಸನ ಕಡೆಗೆ ನಡೆದ.

“ಇನ್ನೊಂದು ಹೊಡಿ ನೋಡುವ! ಮೊಣಕಾಲಿನಿಂದ ಕೆಳಗೆ ಇಲ್ಲೇ ಬಿಟ್ಟು ಹೋಗ್ಬೇಕು ನೀನು!”

“ಹರ್ಷಿತ್! ಇಂಜಿನ್ ಬಂದ್ ಮಾಡು! ಬಂದ್ ಮಾಡಾ!” ಎಂದು ಕಿರುಚಿದೆ. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ನನ್ನ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ ನಿಲ್ಲಲಿಲ್ಲ. ಬ್ಲೇಡು ಉಲ್ಲಾಸನ ಲುಂಗಿಯನ್ನು ಹರಿದು ಮೀನಖಂಡವನ್ನು ಕೊಯ್ದಿತು. ಹುಲ್ಲಿನ ಮೇಲೆ ರಕ್ತ ಚಿಮ್ಮಿತು. ಉಲ್ಲಾಸ ಕಿರುಚಿ ಹಿಂದೆ ಸರಿದವನು ಪೈಪನ್ನು ಹರ್ಷಿತನ ಮುಖದ ನೇರಕ್ಕೆ ಎತ್ತಿ ಲೈಟರ್ ಒತ್ತಿದ. ಹರ್ಷಿತ್ ಬಲಗೈ ಅಡ್ಡ ಹಿಡಿದ. ಢಂ ಎಂದಿತು.

ಕಣ್ಣು ಉಳಿಯಿತು. ತೋಳಿಗೆ ಬೆಂಕಿ ಹತ್ತಿತು.

ದೊಡ್ಡ ಬೆಂಕಿಯಲ್ಲ. ಅಂಗೈಯಷ್ಟು. ಒಂದು ಗೋಣಿ ಸುತ್ತಿದ್ದರೆ ಆರುತ್ತಿತ್ತು, ನೆಲಕ್ಕೆ ಉಜ್ಜಿದ್ದರೆ ಆರುತ್ತಿತ್ತು. ಇದನ್ನು ಈಗ ಹೇಳುತ್ತಿದ್ದೇನೆ. ಆಗ ನನಗೆ ಕಂಡದ್ದು ನನ್ನ ಗಂಡ. ಹರ್ಷಿತ್ ಮೆಷಿನ್ ಕಳಚಿ ಎಸೆದು ಕೈ ಕೊಡವುತ್ತಿದ್ದ, “ಅವ್ವ, ಅವ್ವ” ಎನ್ನುತ್ತಿದ್ದ. ನೀರು ಬೇಕಿತ್ತು. ಕಣಿ ಅವರಿಬ್ಬರ ಆಚೆ ಇತ್ತು, ಸ್ಕೂಟರ್ ನನ್ನ ಕೈಗೇ ಸಿಗುವಂತಿತ್ತು. ಬೆಳಿಗ್ಗೆ ಅವನಿಗೆ ಕುಡಿಯಲು ನೀರು ತುಂಬಿಸಿ ಸೀಟಿನಡಿಯಲ್ಲಿ ಇಟ್ಟವಳು ನಾನೇ. ಕೀಲಿ ಸ್ಕೂಟರಿನಲ್ಲೇ ಇತ್ತು. ಸೀಟು ಎತ್ತಿದೆ. ಬಾಟಲಿ ಕಂಡಿತು, ಹಿಡಿದು ಓಡಿದೆ, ಓಡುತ್ತಲೇ ಮುಚ್ಚಳ ತಿರುಗಿಸಿದೆ, ಅವನ ತೋಳಿನ ಮೇಲೆ, ಎದೆಯ ಮೇಲೆ ಅಷ್ಟನ್ನೂ ಹೊಯ್ದೆ.

ಸೀಟಿನಡಿಯಲ್ಲಿ ಎರಡು ಬಾಟಲಿ ಇದ್ದವು. ನಾನು ಇಟ್ಟದ್ದು ಒಂದು, ನಾನು ಇಟ್ಟ ಮೇಲೆ ಅವನು ಅಡಗಿಸಿದ್ದು ಇನ್ನೊಂದು.

ನನಗೆ ವಾಸನೆ ಯಾಕೆ ಬರಲಿಲ್ಲ ಎಂದು ಎಲ್ಲರೂ ಕೇಳಿದರು. ಒಂಬತ್ತು ವರ್ಷದಿಂದ ದಿನವೂ ಪೆಟ್ರೋಲಿನ ಮೆಷಿನ್ ಹೊರುವವಳ ಮೂಗು ಅದು. ನನ್ನ ಬಟ್ಟೆ, ನನ್ನ ಕೂದಲು, ನಾನು ಉಣ್ಣುವ ಅನ್ನ ಎಲ್ಲವೂ ಅದೇ ವಾಸನೆ.

ಭುಗ್ ಎಂದಿತು. ನನ್ನ ಅಂಗೈಗೂ ಹತ್ತಿತು, ಬಾಟಲಿಯನ್ನು ಬಿಡಲಾಗಲಿಲ್ಲ. ನನ್ನ ಮಗ ನನ್ನ ಎದುರಿಗೆ ಸೊಂಟದಿಂದ ಗಲ್ಲದವರೆಗೆ ಬೆಂಕಿಯಾಗಿ ನಿಂತಿದ್ದ. ಓಡಲು ಹೊರಟವನನ್ನು ಹಿಡಿದದ್ದು ಯಾರೆಂದರೆ, ಉಲ್ಲಾಸ. ಕೊಯ್ದ ಕಾಲನ್ನು ಎಳೆದುಕೊಂಡು ಹಾರಿ ಅವನ ಸೊಂಟ ತಬ್ಬಿದ, ತಬ್ಬಿಕೊಂಡೇ ಉರುಳಿ ಕಣಿಗೆ ಬಿದ್ದ, ಕೆಸರು ನೀರಿನಲ್ಲಿ ಹುಡುಗನನ್ನು ಅದುಮಿ ಹಿಡಿದ, ಬರಿಗೈಯಿಂದ ಕೆಸರು ಬಳಿದು ಬಳಿದು ಬೆಂಕಿ ಆರಿಸಿದ.

ಮೇಲಿನಿಂದ ಆಳುಗಳು ಓಡಿ ಬಂದಾಗ ಕಂಡದ್ದು ಅಷ್ಟೇ. ಸುಟ್ಟ ಹುಡುಗ ಕೆಳಗೆ, ಅವನ ಮೇಲೆ ಉಲ್ಲಾಸ. ವಾಸನೆ ಬಡಿದರೂ ಹೊಯ್ದದ್ದು ಯಾರೆಂದು ಕಾಣದ ಮಾಯಿಲಪ್ಪಣ್ಣ ನೆಲದಿಂದಲೇ, ರಕ್ತದ ಬಾಯಿಯಲ್ಲಿ ಕೂಗಿದರು: “ಸುಟ್ಟ! ಪೆಟ್ರೋಲ್ ಹೊಯ್ದು ಸುಟ್ಟ! ಬಿಡಬೇಡಿ ಅವನನ್ನು!”

ಉಲ್ಲಾಸನನ್ನು ಕೂದಲು ಹಿಡಿದು ಮೇಲಕ್ಕೆಳೆದರು. ಕತ್ತಿಯ ಹಿಡಿಯಿಂದ ಮುಖಕ್ಕೆ ಕೊಟ್ಟರು, ಅಡಿಕೆಯ ಹಸಿ ಸೋಗೆದಂಟಿನಿಂದ ಬೆನ್ನಿಗೆ ಬಿಗಿದರು. ನೈಲಾನ್ ಹಗ್ಗದಲ್ಲಿ ಅಡಿಕೆ ಮರಕ್ಕೆ ಕಟ್ಟಿದರು. ಹೈದರ್ ಮಾತ್ರ ಒಂದು ಗಳಿಗೆ ನಿಂತು ನೋಡಿ, “ಮೊದಲು ಹುಡುಗನನ್ನು ಸಾಗಿಸುವ, ನಾನು ಗಾಡಿ ಕೆಳಗೆ ತರ್ತೇನೆ,” ಎಂದು ಏರು ಹತ್ತಿ ಓಡಿದ.

ಉರಿಯುವ ಕೈಯನ್ನು ಕೆಸರಿಗೆ ಒತ್ತಿ ನಾನು ಕಣಿಯಲ್ಲಿ ಕೂತಿದ್ದೆ. ಹರ್ಷಿತನ ತಲೆ ನನ್ನ ಮಡಿಲಲ್ಲಿತ್ತು. ಮಾಯಿಲಪ್ಪಣ್ಣನ ಹೆಂಡತಿ ಶೀಲಾವತಿಯಕ್ಕ ಒದ್ದೆ ಬೈರಾಸು, ಟವೆಲ್ಲು ತಂದು ಮೈಗೆ ಹೊದೆಸುತ್ತಿದ್ದರು, ಅಳುತ್ತಿದ್ದರು. ಅವನ ತೋಳನ್ನು ಎತ್ತಲು ಹೋದೆ. ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ನನ್ನ ಬೆರಳಿಗೆ ಅಂಟಿಕೊಂಡು ಜಾರಿತು. ಮತ್ತೆ ಮುಟ್ಟಲಿಲ್ಲ.

ಮರದ ಹತ್ತಿರ ಉಲ್ಲಾಸ ಕೂಗುತ್ತಿದ್ದ. “ನಾನಲ್ಲ ಮಾರಾಯ್ರೆ! ಅವಳೇ ಹೊಯ್ದದ್ದು! ಅವನವ್ವನೇ ಹೊಯ್ದದ್ದು!”

“ಹೆತ್ತವಳು ಹೊಯ್ಯುತ್ತಾಳಾ ಬೇವರ್ಸಿ?” ಎಂದು ಒಬ್ಬ ಅವನ ಬಾಯಿಗೇ ಗುದ್ದಿದ. ಉಲ್ಲಾಸ ಪುನಃ ಅದನ್ನೇ ಹೇಳಿದ. ಪುನಃ ಬಾಯಿಗೇ ಗುದ್ದಿದರು. ಐದನೆಯ ಸಲಕ್ಕೆ ಮಾತು ಮಾತಾಗಿ ಬರಲಿಲ್ಲ.

ನಾನು ಎಲ್ಲವನ್ನೂ ಕೇಳುತ್ತಿದ್ದೆ. ಬಾಯಿ ತೆರೆಯಲಿಲ್ಲ. ಸತ್ಯ ಹೇಳುತ್ತೇನೆ, ನನಗೆ ಆ ಪೆಟ್ಟುಗಳು ಹಿತವಾಗಿದ್ದವು. ಲೈಟರ್ ಒತ್ತಿದವನು ಅವನೇ ತಾನೇ? ಅವನು ಒತ್ತದಿದ್ದರೆ ನಾನು ಹೊಯ್ಯುತ್ತಿದ್ದೆನೇ? ಹೊಡೆಯಲಿ, ಇನ್ನೂ ಹೊಡೆಯಲಿ ಎಂದು ಹಲ್ಲು ಕಚ್ಚಿ ಕೂತಿದ್ದೆ. ಅವನು ತಪ್ಪಿತಸ್ಥನಾದಷ್ಟು ಹೊತ್ತು ನಾನು ತಾಯಿಯಾಗಿ ಇರಬಹುದಿತ್ತು.

ಆಗ ಮಾಯಿಲಪ್ಪಣ್ಣ ಎದ್ದು, ಪಕ್ಕೆ ಹಿಡಿದುಕೊಂಡು ಕಣಿಯ ದಂಡೆಗೆ ಬಂದರು. ಕೈ ಚಾಚಿದರು.

“ನೀಲಾವತಿ, ಪೆಟ್ಟಿಗೆಯ ಕೀಲಿ ಕೊಡು.”

“ಎಂತಕ್ಕೆ?”

“ನಿನ್ನ ಕ್ಯಾನಿನಲ್ಲಿ ಉಂಟಲ್ಲ, ಅದು ಬೇಕು. ಸುಡುದು ಹೇಗಾಗ್ತದೆ ಅಂತ ಇವನಿಗೂ ಗೊತ್ತಾಗಲಿ.”

ಆಳುಗಳಲ್ಲಿ ಒಬ್ಬನೂ ಬೇಡ ಎನ್ನಲಿಲ್ಲ. ನನ್ನ ಕೈ ತಾನಾಗಿಯೇ ಕೊರಳಿಗೆ ಹೋಗಿತ್ತು. ಕೊಡುವುದಕ್ಕೋ ಮುಚ್ಚಿಕೊಳ್ಳುವುದಕ್ಕೋ, ಇಂದಿಗೂ ನನಗೆ ಗೊತ್ತಿಲ್ಲ. ಮರದ ಕಡೆ ನೋಡಿದೆ. ಉಲ್ಲಾಸನ ಕೈಗಳನ್ನು ಮುಂದಕ್ಕೆ ಕಟ್ಟಿದ್ದರು. ಎರಡೂ ಅಂಗೈಗಳ ಚರ್ಮ ಎದ್ದು ಕೆಂಪು ಮಾಂಸ ಕಾಣುತ್ತಿತ್ತು. ಅದು ನನ್ನ ಮಗನ ಬೆಂಕಿ ಆರಿಸಿದ ಕೈ.

“ನಾನೇ ಹೊಯ್ದದ್ದು,” ಎಂದೆ.

“ತಲೆ ಕೆಟ್ಟಿದೆ ಇವಳಿಗೆ,” ಎಂದು ಮಾಯಿಲಪ್ಪಣ್ಣ ಬಗ್ಗಿ ನನ್ನ ಕೊರಳಿನ ಸರಕ್ಕೇ ಕೈ ಹಾಕಿದರು. ಎಳೆದರು. ಸರ ಕುತ್ತಿಗೆಯನ್ನು ಕೊಯ್ದು ತುಂಡಾಯಿತು, ಕೀಲಿ ಅವರ ಮುಷ್ಟಿಗೆ ಹೋಯಿತು. ಮಗನ ತಲೆಯನ್ನು ಶೀಲಾವತಿಯಕ್ಕನ ಮಡಿಲಿಗೆ ಸರಿಸಿ ನಾನು ಕಣಿಯಿಂದ ಹತ್ತಿದೆ. ನನ್ನ ಬಲಗೈಗೆ ಆ ಬಾಟಲಿ ಇನ್ನೂ ಅಂಟಿಕೊಂಡಿತ್ತು, ಅರ್ಧ ಕರಗಿ. ಎಡಗೈಯಿಂದ ಮುದುಕರ ಅಂಗಿ ಹಿಡಿದೆ, ಬಲಗೈಯನ್ನು ಅವರ ಮೂಗಿಗೆ ಒತ್ತಿದೆ. ಒಡೆದ ತುಟಿಗೆ ತಾಗಿ ಅವರು ಚೀರಿದರು. ಬಿಡಲಿಲ್ಲ.

“ಮೂಸಿ ನೋಡಿ! ನನ್ನ ಮಗನ ಸೀಟಿನಡಿಯ ಬಾಟಲಿ ಇದು. ನೀರು ಅಂತ ನಾನು ಹೊಯ್ದದ್ದು, ಈ ಕೈಯಲ್ಲಿ. ಆರಿಸಿದ್ದು ಅವನು. ಅವನ ಕೈ ನೋಡಿ, ನನ್ನ ಕೈ ನೋಡಿ. ಇನ್ನು ಯಾರಿಗೆ ಹೊಯ್ಯಬೇಕೋ ಹೊಯ್ಯಿರಿ!”

ಮಾಯಿಲಪ್ಪಣ್ಣ ಮೂಸಿದರು. ಅವರ ಮೂಗು ಸರಿಯಾಗಿಯೇ ಇತ್ತು. ಮುಷ್ಟಿ ಸಡಿಲವಾಯಿತು, ಕೀಲಿ ಹುಲ್ಲಿಗೆ ಬಿತ್ತು. ಸೋಗೆದಂಟು ಹಿಡಿದಿದ್ದ ಆಳು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಹೈದರ್ ಪಿಕಪ್ಪನ್ನು ಹಿಂದೆ ಮಾಡಿಕೊಂಡು ತೋಟದೊಳಕ್ಕೇ ಇಳಿಸಿದ. ಗೋಣಿಗಳ ಮೇಲೆ ಬಾಳೆಲೆ ಹಾಸಿ ಹರ್ಷಿತನನ್ನು ಮಲಗಿಸಿದರು. ಉಲ್ಲಾಸನ ಹಗ್ಗ ಬಿಚ್ಚಿಸಿ ಅವನನ್ನೂ ಹತ್ತಿಸಿದೆ. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನದ್ದನ್ನು ನೋಡಲಿಲ್ಲ. ಪುತ್ತೂರಿನವರೆಗೂ ಇಬ್ಬರೂ ಸುಟ್ಟ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಎದುರುಬದುರು ಕೂತಿದ್ದೆವು.

ಹರ್ಷಿತ್ ಬದುಕಿಕೊಂಡ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಲಗೈಯ ಮೂರು ಬೆರಳು ಮಡಚುವುದಿಲ್ಲ, ಗಲ್ಲ ಎದೆಯ ಕಡೆಗೆ ಎಳೆದುಕೊಂಡಿದೆ. ಪೊಲೀಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೆಬ್ಬೆಟ್ಟು ಒತ್ತಿದೆ, ಸಹಿ ಹಾಕುವ ಕೈ ಆಗ ಬ್ಯಾಂಡೇಜಿನಲ್ಲಿತ್ತು. ಉಲ್ಲಾಸನ ತಪ್ಪು ಉಲ್ಲಾಸನಿಗೆ, ನನ್ನದು ನನಗೆ. ಕಾಲ ಬುಡದಲ್ಲಿದ್ದ ಬಾಟಲಿ ನನ್ನ ಕಣ್ಣಿಗೆ ಬೀಳುವ ಬಾಟಲಿ. ಹೊಡೆದೆ, ಅದು ಸೀಟಿನಡಿಗೆ ಹೋಯಿತು. ಒಂದು ಸಣ್ಣ ತಗಡಿನ ಕ್ಯಾನ್ ತೆಗೆದುಕೊಟ್ಟಿದ್ದರೆ ಸಾಕಿತ್ತು. ಅದನ್ನು ನಾನು ದಿನಕ್ಕೆ ನೂರು ಸಲ ನೆನೆಯುತ್ತೇನೆ.

ಆದರೆ ನನ್ನನ್ನು ಕೊಲ್ಲುವುದು ಅದೂ ಅಲ್ಲ. ಆ ದಿನ ಪಿಕಪ್ಪು ಬೆಳ್ಳಾರೆ ದಾಟುವಾಗ ಹರ್ಷಿತ್ ಕಣ್ಣು ತೆರೆದ. ತುಟಿ ಅಲುಗಿತು. ನೀರು ಕೇಳುತ್ತಿದ್ದಾನೆಂದು ಬಗ್ಗಿದೆ. ಅವನಿಗೆ ಎಂತ ಆಯಿತು, ಯಾರಿಂದ ಆಯಿತು ಎಂದು ಒಂದೂ ತಿಳಿದಿರಲಿಲ್ಲ. ನನ್ನ ಕೈ ತನ್ನ ಮುಖದ ಹತ್ತಿರ ಬಂದದ್ದನ್ನು ಕಂಡು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

“ಹೊಡಿಬೇಡ ಅವ್ವ,” ಎಂದ. “ಇನ್ನು ಬಾಟಲಿ ಇಡುದಿಲ್ಲ.”